ಗೋದಾಮಿನ ತಂತಿಗೆ ಯಾವ ಪೋರ್ಟು?

ಹೊಸ ರೌಟರ್ ಕೊಳ್ಳಲು ಮಂಗಳೂರಿಗೆ ಹೋಗಿದ್ದಾಗ ಪೋರ್ಟುಗಳ, ಎಂದರೆ ತಂತಿ ಚುಚ್ಚುವ ಜಾಗಗಳ, ಬಗ್ಗೆ ಅಂಗಡಿಯವರು ಕೇಳಿದ ಮೊದಲ ಪ್ರಶ್ನೆಗೇ ನಾನು ತಪ್ಪು ಉತ್ತರ ಕೊಟ್ಟೆ. “ರೌಟೆಡ್ ಪೋರ್ಟ್ ಎಷ್ಟು ಬೇಕು, ಸ್ವಿಚ್ ಪೋರ್ಟ್ ಎಷ್ಟು ಬೇಕು?” ಎಂದು ಅವರು ಕೇಳಿದರು, “ಒಟ್ಟು ಐದಿದ್ದರೆ ಸಾಕು” ಎಂದೆ ನಾನು. ಎರಡು ಲೀಟರ್ ಹಾಲೂ ಮೂರು ಲೀಟರ್ ಸೀಮೆಎಣ್ಣೆಯೂ ಬೇಕಾದವನು ಒಟ್ಟು ಐದು ಲೀಟರ್ ಕೊಡಿ ಎಂದು ಕೇಳಿದ ಹಾಗಾಯಿತು ಅದು. ಅವರು ಮರುಮಾತಾಡದೆ ಐದು ಪೋರ್ಟಿನ ಪೆಟ್ಟಿಗೆಯೊಂದನ್ನು ಕಟ್ಟಿಕೊಟ್ಟರು. ನನ್ನ ಅದೃಷ್ಟಕ್ಕೆ, ಅದು ಪ್ರತಿಯೊಂದು ಪೋರ್ಟನ್ನೂ ಎರಡರಲ್ಲಿ ಯಾವ ಬಗೆಯಾಗಿ ಬೇಕಾದರೂ ಮಾಡಿಕೊಳ್ಳಬಹುದಾದ ಪೆಟ್ಟಿಗೆಯಾಗಿತ್ತು. ಹಾಗಿಲ್ಲದಿದ್ದರೆ ಮುಂದೆ ಬರೆಯುವ ಎರಡು ತಪ್ಪುಗಳ ಪೈಕಿ ಒಂದನ್ನು ಮಾತ್ರ ಮಾಡಲು ನನಗೆ ಸಾಧ್ಯವಾಗುತ್ತಿತ್ತು, ಮತ್ತು ಅದನ್ನು ತಿದ್ದಿಕೊಳ್ಳಲು ಇನ್ನೊಂದು ಪೆಟ್ಟಿಗೆಯನ್ನೇ ಕೊಳ್ಳಬೇಕಾಗುತ್ತಿತ್ತು.

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದಿಂದ ಮುಳ್ಳೇರಿಯಕ್ಕೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗಿದೆ. ಮೇಲೆ ಮನೆ, ಚಾವಡಿಗೆ ತಾಗಿದ ಕೋಣೆಯಲ್ಲಿ ತಮ್ಮನ ಲೆಕ್ಕಪತ್ರದ ಕಚೇರಿ, ಕೆಳಗೆ ತೋಟದ ಅಂಚಿನಲ್ಲಿ ಅವನೇ ಕಟ್ಟಿಸಿದ ಅಡಿಕೆ ಗೋದಾಮು. ಕಚೇರಿಯಲ್ಲಿ ಮೂರು ಕಂಪ್ಯೂಟರ್, ಒಂದು ಪ್ರಿಂಟರ್, ಕಡತಗಳನ್ನಿಡುವ ಒಂದು ಸಂಗ್ರಹ ಪೆಟ್ಟಿಗೆ. ಮನೆಯಲ್ಲಿ ಎಲ್ಲರ ಫೋನುಗಳು, ಟೀವಿ, ಮಕ್ಕಳ ಲ್ಯಾಪ್‌ಟಾಪ್. ಗೋದಾಮಿನಲ್ಲಿ ಎಂಟು ಕ್ಯಾಮೆರಾ ಮತ್ತು ತೂಕದ ಯಂತ್ರಕ್ಕೆ ಜೋಡಿಸಿದ ಬಿಲ್ಲಿಂಗ್ ಕಂಪ್ಯೂಟರ್. ಇಂಟರ್ನೆಟ್ಟಿಗೆ ಒಂದು ಫೈಬರ್ ಸಂಪರ್ಕ; ಮಳೆಗಾಲದಲ್ಲಿ ರಬ್ಬರ್ ಮರ ಬಿದ್ದು ಕಂಬ ಮುರಿದಾಗ ಕೆಲಸ ನಿಲ್ಲಬಾರದೆಂದು ಸಿಮ್ ಹಾಕುವ ಇನ್ನೊಂದು ಸಣ್ಣ ಪೆಟ್ಟಿಗೆ. ಇಷ್ಟಕ್ಕೂ ಮಧ್ಯದಲ್ಲಿ ಕೂರಬೇಕಾದದ್ದು ಆ ರೌಟರ್.

ಸ್ವಿಚ್ ಪೋರ್ಟಿಗೆ ತನ್ನದೆಂದು ಹೇಳಿಕೊಳ್ಳುವ ಐಪಿ ವಿಳಾಸ, ಎಂದರೆ ಜಾಲದಲ್ಲಿ ಗುರುತಿಸುವ ಅಂಕೆಗಳ ವಿಳಾಸ, ಇಲ್ಲ. ಅದಕ್ಕೆ ತಿಳಿಯುವುದು ಯಂತ್ರಗಳಿಗೆ ತಯಾರಕರು ಕೊಟ್ಟ ಮ್ಯಾಕ್ ವಿಳಾಸ ಮಾತ್ರ. ಬರುವ ಫ್ರೇಮುಗಳನ್ನು (ತಂತಿಯಲ್ಲಿ ಸಾಗುವ ಮಾಹಿತಿಯ ಕಟ್ಟುಗಳನ್ನು) ನೋಡಿ ಯಾವ ಯಂತ್ರ ಯಾವ ಪೋರ್ಟಿನ ಆಚೆಗಿದೆ ಎಂಬುದನ್ನು ಅದು ಕಲಿತುಕೊಳ್ಳುತ್ತದೆ, ಸಾಮಾನ್ಯವಾಗಿ 300 ಸೆಕೆಂಡು ನೆನಪಿಟ್ಟುಕೊಳ್ಳುತ್ತದೆ, ಆ ಯಂತ್ರಕ್ಕೆಂದು ಬಂದ ಮುಂದಿನ ಫ್ರೇಮನ್ನು ನೇರವಾಗಿ ಅಲ್ಲಿಗೇ ದಾಟಿಸುತ್ತದೆ. ನೆನಪಿಲ್ಲದಿದ್ದರೆ ಎಲ್ಲ ಪೋರ್ಟುಗಳಿಗೂ ಕಳುಹಿಸುತ್ತದೆ. ಬ್ರಾಡ್‌ಕಾಸ್ಟ್ ಎಂಬ ಕೂಗನ್ನಂತೂ ಎಲ್ಲರಿಗೂ ಮುಟ್ಟಿಸುವುದೇ ಅದರ ಕೆಲಸ. ರೌಟೆಡ್ ಪೋರ್ಟಿಗಾದರೋ ಸ್ವಂತ ಐಪಿ ವಿಳಾಸವಿದೆ; ಅದರ ಆಚೆಗಿರುವುದು ಬೇರೆಯೇ ಒಂದು ಉಪಜಾಲ; ಅಲ್ಲಿನ ಕೂಗು ಅದರ ಹೊಸ್ತಿಲಲ್ಲೇ ನಿಲ್ಲುತ್ತದೆ; ಈಚೆಗೆ ಬರಬೇಕಾದ ಪ್ರತಿಯೊಂದು ಪ್ಯಾಕೆಟ್ಟೂ, ಎಂದರೆ ಐಪಿ ವಿಳಾಸ ಹೊತ್ತ ಮಾಹಿತಿಯ ತುಣುಕೂ, ಯಾವ ಜಾಲಕ್ಕೆ ಯಾವ ದಾರಿ ಎಂಬ ರೌಟಿಂಗ್ ಪಟ್ಟಿಯನ್ನೂ ಯಾವುದನ್ನು ಬಿಡಬೇಕೆಂಬ ಫೈರ್‌ವಾಲಿನ ನಿಯಮಗಳನ್ನೂ ಹಾದುಬರಬೇಕು. ನಮ್ಮ ಕಡೆ ತೋಟದ ಬೇಲಿಗೆ ತಡಮೆ ಇಡುತ್ತಾರಲ್ಲ, ಮನುಷ್ಯರು ಕಾಲೆತ್ತಿ ದಾಟಬಹುದು, ದನ ದಾಟಲಾರದು, ಅದೇ ಲೆಕ್ಕ. ಸ್ವಿಚ್ ಪೋರ್ಟುಗಳೆಂದರೆ ಒಂದೇ ಚಾವಡಿಗೆ ತೆರೆಯುವ ಹಲವು ಬಾಗಿಲುಗಳು. ಯಾರು ಕೆಮ್ಮಿದರೂ ಎಲ್ಲರಿಗೂ ಕೇಳಿಸುತ್ತದೆ.

ಈ ಎರಡು ಬಗೆಗಳ ಸ್ವಭಾವ ಎಷ್ಟು ಬೇರೆ ಎಂಬುದು ಸಿಸ್ಕೋ ಕಂಪನಿಯ ಉಪಕರಣಗಳು ಪೆಟ್ಟಿಗೆಯಿಂದ ಹೊರಬರುವಾಗಿನ ಸ್ಥಿತಿಯನ್ನು ನೋಡಿದರೆ ಚೆನ್ನಾಗಿ ಗೊತ್ತಾಗುತ್ತದೆ. ಅವರ ಕೆಟಲಿಸ್ಟ್ ಸ್ವಿಚ್ಚಿನ ಪೋರ್ಟುಗಳು ಮೊದಲಿನಿಂದಲೇ ತೆರೆದಿರುತ್ತವೆ. ತಂತಿ ಚುಚ್ಚಿದ ಕೂಡಲೇ ಕೆಲಸ ಶುರು. ರೌಟರಿನ ಪೋರ್ಟುಗಳು ಮುಚ್ಚಿರುತ್ತವೆ; ನಾವೇ ಕೈಯಾರೆ ತೆರೆದು, ವಿಳಾಸ ಕೊಟ್ಟು, ನಿಯಮ ಬರೆದ ಮೇಲಷ್ಟೇ ಜೀವ ಬರುತ್ತದೆ. ಒಂದು ಯಾರನ್ನಾದರೂ ನಂಬುತ್ತದೆ, ಇನ್ನೊಂದು ಯಾರನ್ನೂ ನಂಬುವುದಿಲ್ಲ.

ಮೊದಲ ಸಲ ನಾನು ನಂಬದಿರುವುದೇ ಜಾಣತನ ಎಂದುಕೊಂಡೆ. ಐದೂ ಪೋರ್ಟುಗಳನ್ನು ರೌಟೆಡ್ ಮಾಡಿದೆ: ಒಂದು ಫೈಬರಿಗೆ, ಒಂದು ಸಿಮ್ ಪೆಟ್ಟಿಗೆಗೆ, ಉಳಿದ ಮೂರು ಕ್ರಮವಾಗಿ ಕಚೇರಿಗೆ, ಮನೆಗೆ, ಗೋದಾಮಿಗೆ. ಕಚೇರಿಗೆ 192.168.10.0/24, ಮನೆಗೆ 192.168.20.0/24, ಗೋದಾಮಿಗೆ 192.168.30.0/24 ಎಂದು ಉಪಜಾಲಗಳನ್ನು ಹಂಚಿ, ನಕ್ಷೆಯನ್ನೂ ಬರೆದು ಗೋಡೆಗೆ ಅಂಟಿಸಿದೆ. ನೋಡಲು ಬಹಳ ಚಂದವಿತ್ತು. ಮರುದಿನ ಬೆಳಿಗ್ಗೆ ತಮ್ಮ ಚಾವಡಿಯಲ್ಲಿ ಕುಳಿತು ಮನೆಯ ವೈಫೈಯಿಂದ ಮುದ್ರಣ ಕೊಟ್ಟರೆ ಪ್ರಿಂಟರ್ ಪಟ್ಟಿಯಲ್ಲೇ ಇಲ್ಲ. ಅದು ಕೆಟ್ಟಿರಲಿಲ್ಲ, ಕಾಣುತ್ತಿರಲಿಲ್ಲ, ಅಷ್ಟೆ. ಪ್ರಿಂಟರ್, ಟೀವಿ ಮುಂತಾದವು ತಮ್ಮ ಇರುವಿಕೆಯನ್ನು ಸಾರುವುದು 224.0.0.251 ಎಂಬ, ಇಡೀ ಗುಂಪಿಗೆ ಕೇಳಿಸುವ ಮಲ್ಟಿಕಾಸ್ಟ್ ವಿಳಾಸದಲ್ಲಿ, ಮತ್ತು ಆ ಸಾರುವಿಕೆ ತನ್ನ ಸ್ಥಳೀಯ ಜಾಲವನ್ನು ದಾಟಬಾರದೆಂಬುದೇ ಅದರ ವ್ಯವಸ್ಥೆ. ವಿಳಾಸವನ್ನು ಕೈಯಿಂದ ಬರೆದು ಸೇರಿಸಿದಾಗ ಮುದ್ರಣ ಸರಾಗವಾಗಿ ನಡೆಯಿತು, ಆದರೆ ಹೊಸ ಫೋನು ಬಂದಾಗಲೆಲ್ಲ ನನ್ನನ್ನು ಕರೆಯುವ ಪರಿಪಾಠವೂ ಅಂದಿನಿಂದಲೇ ಶುರುವಾಯಿತು.

ಅದಕ್ಕಿಂತ ದೊಡ್ಡ ಪ್ರಮಾದ ಕ್ಯಾಮೆರಾಗಳ ಚಿತ್ರ ಉಳಿಸಿಡುವ ರೆಕಾರ್ಡರಿನದ್ದು. ಕಳ್ಳರು ಬಂದರೆ ಮೊದಲು ಒಯ್ಯುವುದೇ ರೆಕಾರ್ಡರನ್ನು ಎಂಬ ಹಿರಿಯರ ಮಾತು ಕೇಳಿ ಅದನ್ನು ಮೇಲಿನ ಕಚೇರಿಯಲ್ಲಿ ಇಟ್ಟಿದ್ದೆ. ಕ್ಯಾಮೆರಾಗಳು ಗೋದಾಮಿನ ಉಪಜಾಲದಲ್ಲಿ, ರೆಕಾರ್ಡರ್ ಕಚೇರಿಯ ಉಪಜಾಲದಲ್ಲಿ. ಪ್ರತಿ ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್ ಕಳುಹಿಸುವಂತೆ ಹೊಂದಿಸಿದ್ದರಿಂದ ಎಂಟಕ್ಕೆ 32 ಮೆಗಾಬಿಟ್. ಈ ಸಂಖ್ಯೆ ಸಣ್ಣದೆಂದು ಅನ್ನಿಸುತ್ತದೆ, ಆದರೆ ಇದು ಹಗಲು ರಾತ್ರಿ ನಿಲ್ಲದ ಹರಿವು; 86,400 ಸೆಕೆಂಡುಗಳಿಂದ ಗುಣಿಸಿ ಬೈಟಿಗೆ ತಂದರೆ ದಿನಕ್ಕೆ ಸುಮಾರು 345 ಗಿಗಾಬೈಟ್. ಅಷ್ಟನ್ನೂ ರೌಟರಿನ ಪ್ರೊಸೆಸರ್ ಒಂದೊಂದೇ ಪ್ಯಾಕೆಟ್ ಎತ್ತಿ, ನಿಯಮಗಳ ಪಟ್ಟಿಗೆ ಹೋಲಿಸಿ, ಆಚೆ ಇಡುತ್ತಿತ್ತು. ಯಾರೂ ನೋಡದ ಖಾಲಿ ಗೋದಾಮಿನ ಚಿತ್ರಗಳಿಗೆ ಇಷ್ಟು ದುಡಿಮೆ. ಕ್ಯಾಮೆರಾವೂ ರೆಕಾರ್ಡರೂ ಒಂದೇ ಸ್ವಿಚ್ಚಿನಲ್ಲಿದ್ದರೆ ಈ ಹರಿವಿನ ಒಂದು ಹನಿಯೂ ರೌಟರಿಗೆ ತಾಗುವುದಿಲ್ಲ. ಸ್ವಿಚ್ಚಿನೊಳಗಿನ ಚಿಪ್ಪೇ ಪ್ರೊಸೆಸರಿಗೆ ತಿಳಿಸದೆ ದಾಟಿಸಿಬಿಡುತ್ತದೆ.

ಇದರಿಂದ ಬೇಸತ್ತು ಎರಡನೆಯ ಸಲ ನಾನು ಇನ್ನೊಂದು ತುದಿಗೆ ಹೋದೆ. ಇಂಟರ್ನೆಟ್ಟಿನ ಎರಡು ಪೋರ್ಟುಗಳನ್ನು ಬಿಟ್ಟು ಉಳಿದ ಮೂರನ್ನೂ ಒಂದೇ ಬ್ರಿಡ್ಜಿಗೆ ಸೇರಿಸಿದೆ, ಎಂದರೆ ಸ್ವಿಚ್ ಪೋರ್ಟುಗಳನ್ನಾಗಿ ಮಾಡಿದೆ. ಒಂದೇ ಉಪಜಾಲ, ಯಂತ್ರಗಳಿಗೆ ವಿಳಾಸ ಹಂಚುವ ಒಂದೇ ಡಿಎಚ್‌ಸಿಪಿ, ಎಲ್ಲರಿಗೂ ಎಲ್ಲರೂ ಕಾಣುತ್ತಾರೆ. ಪ್ರಿಂಟರ್ ತಾನಾಗಿ ಬಂತು, ಟೀವಿಯಲ್ಲಿ ಮಕ್ಕಳ ಚಿತ್ರ ಓಡಿತು. ಎರಡು ವಾರ ಯಾರೂ ನನ್ನನ್ನು ಕರೆಯಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ ಇಂಟರ್ನೆಟ್ ತಂತಿ ಸರಿಪಡಿಸಲು ಒಬ್ಬ ತಂತ್ರಜ್ಞರು ಬಂದರು. ನಾನು ಮನೆಯಲ್ಲಿರಲಿಲ್ಲ. ರೌಟರಿನ ಪೋರ್ಟುಗಳ ಮೇಲೆ ‘ಕಚೇರಿ’, ‘ಮನೆ’, ‘ಗೋದಾಮು’ ಎಂದು ನಾನು ಕನ್ನಡದಲ್ಲಿ ಚೀಟಿ ಅಂಟಿಸಿದ್ದೆ. ಅವರಿಗೆ ಓದಲು ಬರುತ್ತಿದ್ದದ್ದು ಮಲಯಾಳ. ಕಾಸರಗೋಡಿನಲ್ಲಿದ್ದುಕೊಂಡು ಒಂದೇ ಲಿಪಿಯಲ್ಲಿ ಚೀಟಿ ಬರೆದದ್ದು ನನ್ನದೇ ತಪ್ಪು. ಕೆಲಸದ ನಡುವೆ ಅವರು ಎಲ್ಲ ತಂತಿಗಳನ್ನೂ ಬಿಚ್ಚಿದ್ದರು. ಮರಳಿ ಚುಚ್ಚುವಾಗ ಗೋದಾಮಿನ ತಂತಿಯ ಜಾಗದಲ್ಲಿ, ಕಚೇರಿಯ ಸಣ್ಣ ಸ್ವಿಚ್ಚಿನಿಂದ ಬಿಡುವಾಗಿ ನೇತಾಡುತ್ತಿದ್ದ ಇನ್ನೊಂದು ತಂತಿಯನ್ನು ಸಿಕ್ಕಿಸಿದರು. ಆಗ ಕಚೇರಿಯ ಸ್ವಿಚ್ಚಿಗೂ ರೌಟರಿಗೂ ಎರಡು ದಾರಿಗಳಾದವು. ಐದು ನಿಮಿಷದೊಳಗೆ ಮನೆಯ ವೈಫೈ ಸತ್ತಿತು, ಕಚೇರಿಯ ಕಂಪ್ಯೂಟರುಗಳು ಮರಗಟ್ಟಿದವು, ಸ್ವಿಚ್ಚಿನ ಎಲ್ಲ ದೀಪಗಳೂ ಒಂದೇ ಸಮನೆ ಮಿನುಗತೊಡಗಿದವು. ಅಡಿಕೆ ತಂದ ಎರಡು ಜೀಪು ಅಂಗಳದಲ್ಲಿ ನಿಂತಿದ್ದವು. ತಮ್ಮ ಹಳೆಯ ಪುಸ್ತಕ ತೆಗೆದು ಕೈಬರಹದಲ್ಲಿ ಬಿಲ್ಲು ಬರೆದ.

ಈ ಸುತ್ತಿಗೆ ಲೂಪ್ ಎನ್ನುತ್ತಾರೆ. ಐಪಿ ಪ್ಯಾಕೆಟ್ಟಿನ ತಲೆಯಲ್ಲಿ ಎಂಟು ಬಿಟ್ಟಿನ ಆಯುಸ್ಸಿನ ಸಂಖ್ಯೆಯೊಂದಿರುತ್ತದೆ. ಪ್ರತಿ ರೌಟರಿನಲ್ಲಿ ಒಂದೊಂದು ಕಡಿಮೆಯಾಗಿ, ಸೊನ್ನೆಯಾದಾಗ ಪ್ಯಾಕೆಟ್ ಅಳಿಯುತ್ತದೆ. ಇಥರ್ನೆಟ್ ಫ್ರೇಮಿಗೆ ಅಂಥ ಆಯುಸ್ಸಿಲ್ಲ. ಒಂದು ಬ್ರಾಡ್‌ಕಾಸ್ಟ್ ಫ್ರೇಮ್ ಲೂಪಿನೊಳಗೆ ಬಿದ್ದರೆ ಯಾರಾದರೂ ತಂತಿ ಕೀಳುವವರೆಗೂ ಸುತ್ತುತ್ತಲೇ ಇರುತ್ತದೆ, ಸುತ್ತಿದಾಗಲೆಲ್ಲ ಎಲ್ಲ ಪೋರ್ಟುಗಳಿಗೂ ತನ್ನ ಪ್ರತಿಯನ್ನು ಎಸೆಯುತ್ತದೆ. ಇದನ್ನು ತಡೆಯಲೆಂದೇ ಡಿಜಿಟಲ್ ಈಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನಲ್ಲಿದ್ದ ರೇಡಿಯಾ ಪರ್ಲ್‌ಮನ್ 1985ರಲ್ಲಿ ಸ್ಪ್ಯಾನಿಂಗ್ ಟ್ರೀ ವಿಧಾನವನ್ನು ರೂಪಿಸಿದರು. 1990ರಲ್ಲಿ ಅದು 802.1ಡಿ ಎಂಬ ಮಾನದಂಡದೊಳಗೆ ಬಂತು. ಎರಡು ದಾರಿಗಳಿದ್ದರೆ ಒಂದನ್ನು ಅದು ಮುಚ್ಚುತ್ತದೆ. ನನ್ನ ರೌಟರಿನ ಬ್ರಿಡ್ಜಿನಲ್ಲಿ ಅದನ್ನು ನಾನೇ ನಿಲ್ಲಿಸಿಟ್ಟಿದ್ದೆ. ಕಾರಣ ಇಷ್ಟೆ: ಹಳೆಯ ಸ್ಪ್ಯಾನಿಂಗ್ ಟ್ರೀಯಲ್ಲಿ ತಂತಿ ಚುಚ್ಚಿದ ಮೇಲೆ ಆಲಿಸಲು 15 ಸೆಕೆಂಡು, ಕಲಿಯಲು 15 ಸೆಕೆಂಡು ಎಂದು ಅರ್ಧ ನಿಮಿಷ ಪೋರ್ಟು ಸುಮ್ಮನಿರುತ್ತದೆ, ಆ ವಿಳಂಬ ನನಗೆ ಕಿರಿಕಿರಿಯಾಗಿತ್ತು. 2001ರಲ್ಲಿ ಬಂದ ರಾಪಿಡ್ ಸ್ಪ್ಯಾನಿಂಗ್ ಟ್ರೀಯನ್ನು ಆರಿಸಿಕೊಂಡಿದ್ದರೆ ಆ ವಿಳಂಬವೂ ಇರುತ್ತಿರಲಿಲ್ಲ. ಉದಾಸೀನ ಮಾಡಿದೆ.

ರಾತ್ರಿ ಎಲ್ಲವನ್ನೂ ಸರಿಪಡಿಸಿ ಕುಳಿತಾಗ, ಇದೇ ತಪ್ಪು ಮೊದಲಿನ ವ್ಯವಸ್ಥೆಯಲ್ಲಿ ನಡೆದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದೆ. ಕಚೇರಿಯ ಎರಡನೆಯ ತಂತಿ ಗೋದಾಮಿನ ರೌಟೆಡ್ ಪೋರ್ಟಿಗೆ ಹೋಗಿ ಕೂರುತ್ತಿತ್ತು. ಅಲ್ಲಿಂದ ಒಂದು ಫ್ರೇಮೂ ಇನ್ನೊಂದು ಪೋರ್ಟಿಗೆ ದಾಟದ ಕಾರಣ ಲೂಪ್ ಆಗುವ ಮಾತೇ ಇರುತ್ತಿರಲಿಲ್ಲ. ಎರಡು ಡಿಎಚ್‌ಸಿಪಿಗಳು ಒಂದೇ ಸ್ವಿಚ್ಚಿನಲ್ಲಿ ಕೇಳಿಸಿ ಕಚೇರಿಯ ಕೆಲವು ಕಂಪ್ಯೂಟರುಗಳಿಗೆ ಗೋದಾಮಿನ ವಿಳಾಸ ಸಿಗುವ ಸಂಭವವಿತ್ತು, ಗೋದಾಮು ಹೇಗೂ ಕಡಿದುಹೋಗುತ್ತಿತ್ತು. ಮನೆಗೆ ಏನೂ ತಿಳಿಯುತ್ತಿರಲಿಲ್ಲ. ಸ್ವಿಚ್ ಪೋರ್ಟಿನಲ್ಲಾದ ತಪ್ಪು ಹರಡುತ್ತದೆ, ರೌಟೆಡ್ ಪೋರ್ಟಿನಲ್ಲಾದ ತಪ್ಪು ಅಲ್ಲೇ ಕೂರುತ್ತದೆ. ಅದೇ ರೀತಿ, ಯಾರು ಯಾವ ತಂತಿಯನ್ನು ಎಲ್ಲಿ ಚುಚ್ಚಿದರೂ ಸ್ವಿಚ್ ಪೋರ್ಟು ಬಹುಮಟ್ಟಿಗೆ ಕ್ಷಮಿಸಿ ಕೆಲಸ ಮಾಡಿಕೊಡುತ್ತದೆ, ರೌಟೆಡ್ ಪೋರ್ಟಿನಲ್ಲಿ ಜಾಗ ತಪ್ಪಿದರೆ ಕೆಲಸವೇ ಇಲ್ಲ. ವೇಗ ಎಷ್ಟು, ಪೋರ್ಟು ಎಷ್ಟು ಎಂಬ ಲೆಕ್ಕಕ್ಕಿಂತ ಮೊದಲು ನಾನು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ ಇದಾಗಿತ್ತು: ನಾನು ಮನೆಯಲ್ಲಿಲ್ಲದಾಗ ಈ ತಂತಿಯನ್ನು ಯಾರು ಮುಟ್ಟುತ್ತಾರೆ, ಮುಟ್ಟಿ ಕೆಡಿಸಿದರೆ ಎಷ್ಟು ಜನರ ಕೆಲಸ ನಿಂತರೆ ನನಗೆ ಸಹ್ಯ?

ರೌಟೆಡ್ ಪೋರ್ಟನ್ನು ಇಷ್ಟಕ್ಕೇ ತಲೆಯ ಮೇಲೆ ಹೊತ್ತುಕೊಳ್ಳಬೇಕಾಗಿಲ್ಲ. ಗೋದಾಮಿನ ಸ್ವಿಚ್ಚಿನಲ್ಲೇ ಯಾರಾದರೂ ಲೂಪ್ ಮಾಡಿದರೆ ಆ ಬ್ರಾಡ್‌ಕಾಸ್ಟುಗಳು ರೌಟೆಡ್ ಪೋರ್ಟಿನ ಬಾಗಿಲಿಗೂ ಬಡಿಯುತ್ತವೆ, ಅವುಗಳನ್ನು ನೋಡಿ ಬಿಸಾಡುವ ಕೆಲಸವನ್ನು ಪ್ರೊಸೆಸರೇ ಮಾಡಬೇಕು. ಬಿರುಗಾಳಿ ಆಚೆಗೆ ದಾಟುವುದಿಲ್ಲ ನಿಜ. ಬಾಗಿಲು ಕಾಯುವವನು ಮಾತ್ರ ಏದುಸಿರು ಬಿಡುತ್ತಾನೆ.

ಎರಡರ ನಡುವೆ ಮೂರನೆಯ ದಾರಿಯೊಂದಿದೆ, ಮತ್ತು ಅದನ್ನು ಅರಿತವರು ಅಂಗಡಿಯವರ ಪ್ರಶ್ನೆಗೆ ಗಾಬರಿಯಾಗುವುದಿಲ್ಲ. ಸ್ವಿಚ್ ಪೋರ್ಟುಗಳನ್ನು ವೀಲ್ಯಾನ್‌ಗಳಾಗಿ, ಎಂದರೆ ಒಂದೇ ಪೆಟ್ಟಿಗೆಯೊಳಗಿನ ಬೇರೆ ಬೇರೆ ಜಾಲಗಳಾಗಿ ವಿಂಗಡಿಸಿ, ಪ್ರತಿ ವೀಲ್ಯಾನಿಗೂ ರೌಟರಿನೊಳಗೆ ತಂತ್ರಾಂಶದಲ್ಲಷ್ಟೇ ಇರುವ ಪೋರ್ಟಿನಂಥ ಒಂದು ಕಾಲ್ಪನಿಕ ಇಂಟರ್‌ಫೇಸ್ ಮಾಡಿ, ಅದಕ್ಕೆ ಐಪಿ ವಿಳಾಸ ಕೊಡಬಹುದು. ತಂತಿ ಚುಚ್ಚುವ ಜಾಗ ಸ್ವಿಚ್ ಪೋರ್ಟೇ, ಆದರೆ ಎರಡು ವೀಲ್ಯಾನ್‌ಗಳ ನಡುವೆ ಸಾಗುವ ಪ್ಯಾಕೆಟ್ ಫೈರ್‌ವಾಲನ್ನು ಹಾದೇ ಹೋಗಬೇಕು. 802.1ಕ್ಯೂ ಮಾನದಂಡದಂತೆ ಫ್ರೇಮಿಗೆ ನಾಲ್ಕು ಬೈಟಿನ ಪಟ್ಟಿಯೊಂದನ್ನು ಕಟ್ಟಿದರೆ ಒಂದೇ ತಂತಿಯಲ್ಲಿ ಹಲವು ವೀಲ್ಯಾನ್‌ಗಳು ಹರಿಯುತ್ತವೆ. ಬಳಸಬಹುದಾದ ಸಂಖ್ಯೆಗಳು 1ರಿಂದ 4094ರವರೆಗೆ. ಹಾಗಾಗಿ ಒಂದೇ ಒಂದು ರೌಟೆಡ್ ಪೋರ್ಟು ಉಳಿದಿದ್ದರೂ, ಅದರ ಮೇಲೆ ಉಪ ಇಂಟರ್‌ಫೇಸುಗಳನ್ನು ಕಟ್ಟಿ, ಆಚೆ ತುದಿಯಲ್ಲಿ ವೀಲ್ಯಾನ್ ಬಲ್ಲ ಸ್ವಿಚ್ಚನ್ನು ಇಟ್ಟು, ಬೇಕಾದಷ್ಟು ಜಾಲಗಳನ್ನು ಮಾಡಿಕೊಳ್ಳಬಹುದು. ಕಚೇರಿಯಿಂದ ಮನೆಗೆ ಹೋಗುವ ಪ್ಯಾಕೆಟ್ ಆಗ ಒಂದೇ ತಂತಿಯಲ್ಲಿ ರೌಟರಿಗೆ ಏರಿ, ಅದೇ ತಂತಿಯಲ್ಲಿ ಇಳಿದುಬರುತ್ತದೆ. ಆ ತಂತಿ ಕಡಿದರೆ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ. ಇದಕ್ಕೆ ಇಂಗ್ಲಿಷಿನವರು ‘ಕೋಲಿನ ಮೇಲಿನ ರೌಟರ್’ ಎಂದು ಹೆಸರಿಟ್ಟಿದ್ದಾರೆ.

ಕಾಲ್ಪನಿಕ ಇಂಟರ್‌ಫೇಸಿಗೆ ಇನ್ನೊಂದು ಗುಣವಿದೆ, ಅದು ಗುಣವೂ ಹೌದು ದೋಷವೂ ಹೌದು. ಸಿಸ್ಕೋ ಉಪಕರಣಗಳಲ್ಲಿ ಆ ವೀಲ್ಯಾನಿನ ಒಂದು ಪೋರ್ಟಾದರೂ ಜೀವಂತವಾಗಿದ್ದರೆ ಇಂಟರ್‌ಫೇಸೂ ಜೀವಂತವಾಗಿರುತ್ತದೆ. ನಾಲ್ಕು ಪೋರ್ಟುಗಳ ಪೈಕಿ ಮೂರು ಹೋದರೂ ಆ ಜಾಲದ ಹೊರದಾರಿಯಾದ ಗೇಟ್‌ವೇ ಉಳಿಯುತ್ತದೆ. ಆದರೆ ನಮಗೆ ಬೇಕಾದ ಆ ಒಂದು ತಂತಿ ಹೋದದ್ದನ್ನು ಅದು ತಾನಾಗಿ ಹೇಳುವುದಿಲ್ಲ. ರೌಟೆಡ್ ಪೋರ್ಟಿನಲ್ಲಿ ತಂತಿಯೂ ಇಂಟರ್‌ಫೇಸೂ ಒಂದೇ ಪ್ರಾಣ. ತಂತಿ ಕಡಿದ ಕ್ಷಣವೇ ಆ ದಾರಿ ರೌಟಿಂಗ್ ಪಟ್ಟಿಯಿಂದ ಮಾಯವಾಗುತ್ತದೆ, ಬದಲಿ ದಾರಿಯಿದ್ದರೆ ಅದು ಮುಂದೆ ಬರುತ್ತದೆ. ಎರಡು ಇಂಟರ್ನೆಟ್ ಸಂಪರ್ಕಗಳಿಗೆ ಎರಡು ಪ್ರತ್ಯೇಕ ರೌಟೆಡ್ ಪೋರ್ಟುಗಳೇ ಇರಲಿ ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ.

ಮಾರುಕಟ್ಟೆಗೆ ಬಂದಿರುವ ಪೆಟ್ಟಿಗೆಗಳನ್ನು ಈ ಕಣ್ಣಿನಿಂದ ನೋಡಿದರೆ ಅವುಗಳ ಸ್ವಭಾವ ಬೇಗ ತಿಳಿಯುತ್ತದೆ. ಸಿಸ್ಕೋದ ಹಳೆಯ 1941, 2901 ಮಾದರಿಗಳಲ್ಲಿದ್ದದ್ದು ತಲಾ ಎರಡೇ ರೌಟೆಡ್ ಪೋರ್ಟುಗಳು. ಸ್ವಿಚ್ ಪೋರ್ಟು ಬೇಕಾದವರು ನಾಲ್ಕು ಪೋರ್ಟಿನ ಕಾರ್ಡೊಂದನ್ನು ಬೇರೆಯಾಗಿ ಕೊಂಡು ಬೆನ್ನಿಗೆ ಸಿಕ್ಕಿಸಬೇಕಿತ್ತು. ಆಮೇಲೆ ಬಂದ 1111-8ಪಿ ಮಾದರಿಯಲ್ಲಿ ಹೊರಜಾಲಕ್ಕೆ ಎರಡು, ಒಳಜಾಲಕ್ಕೆ ಎಂಟು ಸ್ವಿಚ್ ಪೋರ್ಟುಗಳು ಜೊತೆಯಲ್ಲೇ ಬರುತ್ತವೆ. ಯುಬಿಕ್ವಿಟಿಯ ಎಡ್ಜ್‌ರೌಟರ್ ಲೈಟ್ ಮೂರು ರೌಟೆಡ್ ಪೋರ್ಟುಗಳ ಪೆಟ್ಟಿಗೆ, ಸ್ವಿಚ್ ಚಿಪ್ ಅದರಲ್ಲಿಲ್ಲ. ಅದೇ ಕಂಪನಿಯ ಎಡ್ಜ್‌ರೌಟರ್ ಎಕ್ಸ್ ಐದು ಪೋರ್ಟಿನದ್ದು, ಒಳಗೆ ಸ್ವಿಚ್ ಚಿಪ್ ಇದೆ. ಮನೆಬಳಕೆಯ ಸಾಮಾನ್ಯ ರೌಟರುಗಳಲ್ಲಿ ನೀಲಿ ಪೋರ್ಟು ಒಂದು, ಹಳದಿ ಪೋರ್ಟು ನಾಲ್ಕು ಎಂದು ಬಣ್ಣ ಬೇರೆ ಮಾಡಿದ್ದರೂ ಹಲವು ಮಾದರಿಗಳಲ್ಲಿ ಐದೂ ಒಂದೇ ಚಿಪ್ಪಿನ ಪೋರ್ಟುಗಳೇ, ನಡುವೆ ಒಳಗಿನ ವೀಲ್ಯಾನಿನ ಗೆರೆ ಎಳೆದಿರುತ್ತಾರೆ. ಇನ್ನು ರೌಟಿಂಗನ್ನೂ ಬಲ್ಲ ‘ಮೂರನೆಯ ಪದರ’ದ ಸ್ವಿಚ್ಚುಗಳಲ್ಲಿ ‘ನೋ ಸ್ವಿಚ್‌ಪೋರ್ಟ್’ ಎಂಬ ಒಂದು ಸಾಲಿನ ಆಜ್ಞೆಯಿಂದ ಯಾವ ಪೋರ್ಟನ್ನಾದರೂ ರೌಟೆಡ್ ಮಾಡಬಹುದು. ಆದರೆ ಅಂಥ ಸ್ವಿಚ್ಚುಗಳಲ್ಲಿ ಹೆಚ್ಚಿನವು ಹೊರಜಾಲಕ್ಕೆ ಬೇಕಾದ ವಿಳಾಸ ಬದಲಾವಣೆ, ಇಂಟರ್ನೆಟ್ ಕಂಪನಿಗೆ ಲಾಗಿನ್ ಆಗುವ ಪಿಪಿಪಿಒಇ ಮುಂತಾದ ಕೆಲಸಗಳನ್ನು ಮಾಡುವುದಿಲ್ಲ, ಆದ್ದರಿಂದ ಮನೆಯ ಬಾಗಿಲಿಗೆ ಅವು ಹೊಂದುವುದಿಲ್ಲ.

ಎಲ್ಲ ಪೋರ್ಟುಗಳೂ ಮೂಲತಃ ಬಿಡಿಬಿಡಿಯಾಗಿರುವ ಪೆಟ್ಟಿಗೆಗಳಲ್ಲಿ ಒಂದು ಗುಂಡಿಯಿದೆ, ಬೀಳುವ ಮೊದಲೇ ತಿಳಿದಿರುವುದು ಒಳ್ಳೆಯದು. ಎರಡು ಪೋರ್ಟುಗಳನ್ನು ಬ್ರಿಡ್ಜ್ ಮಾಡಿದರೆ ಅವು ಸ್ವಿಚ್ಚಿನಂತೆ ನಡೆದುಕೊಳ್ಳುತ್ತವೆ, ಆದರೆ ಆ ನಡೆವಳಿಕೆ ಚಿಪ್ಪಿನದ್ದೋ ಪ್ರೊಸೆಸರಿನದ್ದೋ ಎಂಬುದು ಹೊರಗಿನಿಂದ ಕಾಣದು. ಗಿಗಾಬಿಟ್ ತಂತಿಯೊಂದು ತುಂಬಿ ಹರಿದರೆ, ದೊಡ್ಡ ಫ್ರೇಮುಗಳಾದರೆ ಸೆಕೆಂಡಿಗೆ ಸುಮಾರು 81 ಸಾವಿರ, 64 ಬೈಟಿನ ಅತಿ ಸಣ್ಣ ಫ್ರೇಮುಗಳಾದರೆ 14.88 ಲಕ್ಷ. ಚಿಪ್ಪಿಗೆ ಇದು ಲೆಕ್ಕಕ್ಕಿಲ್ಲ. ಸಣ್ಣ ಪ್ರೊಸೆಸರಿಗೆ ಎರಡನೆಯ ಸಂಖ್ಯೆ ಜೀವ ಹಿಂಡುವಂಥದ್ದು. ಮೈಕ್ರೋಟಿಕ್‌ನ ರೌಟರ್‌ಓಎಸ್ ತಂತ್ರಾಂಶದಲ್ಲಿ ಹಿಂದೆ ಸ್ವಿಚ್ ಚಿಪ್ಪಿಗೆ ಕೆಲಸ ಒಪ್ಪಿಸಲು ‘ಮಾಸ್ಟರ್ ಪೋರ್ಟ್’ ಎಂಬ ಬೇರೆ ವ್ಯವಸ್ಥೆಯೇ ಇತ್ತು. 2017ರ ಕೊನೆಗೆ ಬಂದ 6.41ನೇ ಆವೃತ್ತಿಯಿಂದ ಬ್ರಿಡ್ಜೇ ಸಾಧ್ಯವಾದಲ್ಲಿ ಚಿಪ್ಪಿಗೆ ಕೆಲಸ ಹೊರಿಸುತ್ತದೆ. ‘ಸಾಧ್ಯವಾದಲ್ಲಿ’ ಎಂಬ ಪದದೊಳಗೇ ಎಲ್ಲ ಸಂಕಟವೂ ಇದೆ. ಯಾವುದೋ ಒಂದು ಆಯ್ಕೆಯನ್ನು ಹಾಕಿದ ಕೂಡಲೇ ಚಿಪ್ ಬಿಟ್ಟು ಪ್ರೊಸೆಸರಿಗೆ ಹೊರೆ ಬೀಳಬಹುದು, ಪರದೆಯ ಮೇಲೆ ಒಂದು ಅಕ್ಷರ ಮಾಯವಾಗುವುದು ಬಿಟ್ಟರೆ ಬೇರೇನೂ ಸೂಚನೆಯಿರುವುದಿಲ್ಲ.

ಹೀಗೆ ಎರಡು ಸಲ ಎಡವಿ ಮೂರನೆಯ ಸಲ ಮಾಡಿದ ಏರ್ಪಾಡು ಈಗಲೂ ನಡೆಯುತ್ತಿದೆ. ಒಂದನೆಯ ಮತ್ತು ಎರಡನೆಯ ಪೋರ್ಟುಗಳು ಎರಡು ಇಂಟರ್ನೆಟ್ಟಿಗೆ, ರೌಟೆಡ್. ಮೂರನೆಯದು ಗೋದಾಮಿಗೆ, ಅದೂ ರೌಟೆಡ್. ನಾಲ್ಕು ಮತ್ತು ಐದು ಒಂದೇ ಬ್ರಿಡ್ಜಿನ ಸ್ವಿಚ್ ಪೋರ್ಟುಗಳು, ರಾಪಿಡ್ ಸ್ಪ್ಯಾನಿಂಗ್ ಟ್ರೀ ಚಾಲೂ ಇದೆ. ನಾಲ್ಕರಿಂದ ಕಚೇರಿಯ ಸ್ವಿಚ್ಚಿಗೆ ವೀಲ್ಯಾನ್ 10 ಮಾತ್ರ. ಐದರಿಂದ ವೈಫೈ ಪೆಟ್ಟಿಗೆಗೆ ವೀಲ್ಯಾನ್ 10 ಮತ್ತು 20 ಎರಡೂ, ಕಚೇರಿಗೊಂದು ಮನೆಗೊಂದು ಎಂದು ವೈಫೈಗೆ ಎರಡು ಹೆಸರು. ತಮ್ಮ ಚಾವಡಿಯಲ್ಲಿ ಕುಳಿತರೂ ಕಚೇರಿಯ ಹೆಸರಿಗೆ ಸೇರಿಕೊಳ್ಳುತ್ತಾನೆ, ಪ್ರಿಂಟರ್ ತಾನಾಗಿ ಕಾಣುತ್ತದೆ. ಮಕ್ಕಳ ಫೋನಿಗೆ ಲೆಕ್ಕಪತ್ರದ ಪೆಟ್ಟಿಗೆ ಕಾಣುವುದಿಲ್ಲ. ರೆಕಾರ್ಡರನ್ನು ಗೋದಾಮಿಗೇ ಸಾಗಿಸಿ ಗೋಡೆಗೆ ಬೆಸೆದ ಕಬ್ಬಿಣದ ಪೆಟ್ಟಿಗೆಯೊಳಗೆ ಬೀಗ ಹಾಕಿಟ್ಟಿದ್ದೇನೆ. ದಿನದ 345 ಗಿಗಾಬೈಟ್ ಈಗ ಗೋದಾಮಿನ ಸ್ವಿಚ್ಚನ್ನು ಬಿಟ್ಟು ಹೊರಗೆ ಬರುವುದಿಲ್ಲ, ಯಾರಾದರೂ ನೋಡಬೇಕೆಂದಾಗ ನೋಡುವಷ್ಟು ಮಾತ್ರ ಮೇಲೆ ಬರುತ್ತದೆ. ತಂತಿಯಲ್ಲೇ ಕ್ಯಾಮೆರಾಗಳಿಗೆ ವಿದ್ಯುತ್ತನ್ನೂ ಕೊಡುವ ಸ್ವಿಚ್ ಗೋದಾಮಿಗೆ ಹೇಗೂ ಬೇಕಾಗಿತ್ತು. ಆದ್ದರಿಂದ ರೌಟರಿನಲ್ಲಿ ಇನ್ನೂ ಎಂಟು ಸ್ವಿಚ್ ಪೋರ್ಟು ಇರಬೇಕಿತ್ತೆಂಬ ನನ್ನ ಮೊದಲಿನ ಆಸೆಗೆ ಅರ್ಥವೇ ಇರಲಿಲ್ಲ.

ಕ್ಯಾಮೆರಾಗಳಿಗೆ ಇಂಟರ್ನೆಟ್ ಇಲ್ಲ. ಬಿಲ್ಲಿಂಗ್ ಕಂಪ್ಯೂಟರಿಗೆ ಕಚೇರಿಯ ಸಂಗ್ರಹ ಪೆಟ್ಟಿಗೆಯತ್ತ ಒಂದೇ ಒಂದು ಕಿಂಡಿ ತೆರೆದಿದೆ. ಈ ನಿಯಮಗಳೆಲ್ಲ ಗೋದಾಮಿಗೂ ಮೇಲಿನ ಜಾಲಗಳಿಗೂ ನಡುವೆ ಮಾತ್ರ ಅನ್ವಯವಾಗುತ್ತವೆ. ಗೋದಾಮಿನ ಕ್ಯಾಮೆರಾವೊಂದು ಪಕ್ಕದ ಬಿಲ್ಲಿಂಗ್ ಕಂಪ್ಯೂಟರಿನ ಬಾಗಿಲು ತಟ್ಟಿದರೆ ರೌಟರಿನ ಫೈರ್‌ವಾಲಿಗೆ ಅದು ಗೊತ್ತೂ ಆಗುವುದಿಲ್ಲ, ಏಕೆಂದರೆ ಇಬ್ಬರೂ ಒಂದೇ ಸ್ವಿಚ್ಚಿನಲ್ಲಿದ್ದಾರೆ. ದುಬಾರಿ ರೌಟರ್ ತಂದು ನೂರು ನಿಯಮ ಬರೆದು, ಎಲ್ಲ ಯಂತ್ರಗಳನ್ನೂ ಒಂದೇ ವೀಲ್ಯಾನಿನ ಸ್ವಿಚ್ ಪೋರ್ಟುಗಳಿಗೆ ಚುಚ್ಚಿ ನೆಮ್ಮದಿಯಾಗಿ ನಿದ್ರಿಸುವವರನ್ನು ನಾನು ಕಂಡಿದ್ದೇನೆ. ಆ ನೂರು ನಿಯಮಗಳೂ ಹೊರಬಾಗಿಲಿನವು. ಒಳಗಿನ ಜಗಳಕ್ಕೆ ಅವು ಸಾಕ್ಷಿಯೂ ಅಲ್ಲ.

ಗೋದಾಮಿನ ತಂತಿಯ ಬಗೆಗೆ ಇನ್ನೊಂದು ಮಾತು. ಮನೆಯಿಂದ ಅಲ್ಲಿಗೆ ತೋಟದ ಮೂಲಕ 140 ಮೀಟರ್. ತಾಮ್ರದ ಇಥರ್ನೆಟ್ ತಂತಿಗೆ 100 ಮೀಟರಿನ ಮಿತಿಯಿದೆ, ಹಾಗಾಗಿ ಫೈಬರ್ ಎಳೆಸಿದೆ. ದೂರ 80 ಮೀಟರೇ ಆಗಿದ್ದರೂ ಫೈಬರನ್ನೇ ಎಳೆಸುತ್ತಿದ್ದೆ. ಮಳೆಗೆ ಮೊದಲಿನ ಏಪ್ರಿಲ್ ಮೇ ತಿಂಗಳ ಸಂಜೆಗಳಲ್ಲಿಯೂ ಅಕ್ಟೋಬರ್ ನಡುವಿನಿಂದ ಶುರುವಾಗುವ ತುಲಾ ತಿಂಗಳಲ್ಲಿಯೂ ಇಲ್ಲಿ ಬೀಳುವ ಸಿಡಿಲು ಎರಡು ಕಟ್ಟಡಗಳ ನಡುವಿನ ತಾಮ್ರವನ್ನು ಹುಡುಕಿಕೊಂಡೇ ಬರುತ್ತದೆ. ಹಿಂದಿನ ರೌಟರಿನ ಸ್ವಿಚ್ ಪೋರ್ಟುಗಳು ಒಂದೇ ಚಿಪ್ಪಿನವಾದ್ದರಿಂದ ಒಂದೇ ಸಂಜೆ ನಾಲ್ಕೂ ಒಟ್ಟಿಗೆ ಸತ್ತಿದ್ದವು. ಗಾಜಿನ ಎಳೆ ಸಿಡಿಲನ್ನು ಒಯ್ಯುವುದಿಲ್ಲ; ಆದರೆ ನೇತುಹಾಕುವ ಫೈಬರಿನ ಜೊತೆಗೆ ಬರುವ ಉಕ್ಕಿನ ಸರಿಗೆ ಒಯ್ಯುತ್ತದೆ, ಅದನ್ನು ಗೋಡೆಯ ಹೊರಗೇ ಕತ್ತರಿಸಿ ನಿಲ್ಲಿಸಬೇಕು.

ಫೈಬರ್ ಹಾಕಿದ್ದರಿಂದ ರೌಟೆಡ್ ಪೋರ್ಟಿನ ಒಂದು ಗುಣ ನನ್ನ ಕೈತಪ್ಪಿತು. ಎರಡೂ ತುದಿಗಳಲ್ಲಿ ಫೈಬರನ್ನು ತಾಮ್ರದ ತಂತಿಗೆ ಜೋಡಿಸುವ ಅಗ್ಗದ ಮಾಧ್ಯಮ ಪರಿವರ್ತಕಗಳು, ನಡುವೆ ಫೈಬರ್ ಕಡಿದರೂ, ತಮ್ಮ ತಾಮ್ರದ ತುದಿಯನ್ನು ಜೀವಂತವಾಗಿಯೇ ಇಡುತ್ತವೆ. ಹೆಗ್ಗಣ ಫೈಬರನ್ನು ಕಡಿದ ದಿನ ರೌಟರಿನ ಮೂರನೆಯ ಪೋರ್ಟಿನಲ್ಲಿ ಹಸಿರು ದೀಪ ಉರಿಯುತ್ತಲೇ ಇತ್ತು, ಗೋದಾಮು ಮಾತ್ರ ಇರಲಿಲ್ಲ. ಕಡಿತದ ಸುದ್ದಿಯನ್ನು ಇನ್ನೊಂದು ತುದಿಗೆ ದಾಟಿಸುವ ಪರಿವರ್ತಕಗಳಿವೆ, ಬೆಲೆ ಹೆಚ್ಚು. ಸದ್ಯಕ್ಕೆ ರೌಟರು ಹತ್ತು ಸೆಕೆಂಡಿಗೊಮ್ಮೆ ರೆಕಾರ್ಡರಿಗೆ ಪಿಂಗ್ ಮಾಡಿ, ಎಂದರೆ ಇದ್ದೀಯಾ ಎಂದು ಕೇಳಿ, ಉತ್ತರ ಬಾರದಿದ್ದರೆ ತಮ್ಮನ ಫೋನಿಗೆ ಸಂದೇಶ ಕಳುಹಿಸುತ್ತದೆ.

ಪೋರ್ಟುಗಳ ಚೀಟಿಗಳನ್ನು ಈಗ ಕನ್ನಡ, ಮಲಯಾಳ ಎರಡರಲ್ಲೂ ಬರೆದಿದ್ದೇನೆ. ರೌಟೆಡ್ ಪೋರ್ಟುಗಳಿಗೆ ಕೆಂಪು ಚೀಟಿ, ಸ್ವಿಚ್ ಪೋರ್ಟುಗಳಿಗೆ ಬಿಳಿ. ಕೆಂಪಿನದ್ದನ್ನು ಬಿಚ್ಚುವ ಮೊದಲು ಫೋನು ಮಾಡಿ ಎಂದು ಕೆಳಗೆ ಒಂದು ಸಾಲು. ಗೋದಾಮಿನ ಮಾಳಿಗೆಯ ಎರಡು ಕೋಣೆಗಳನ್ನು ಬಾಡಿಗೆಗೆ ಕೊಡುತ್ತೇನೆ, ಅವರಿಗೂ ಇಂಟರ್ನೆಟ್ ಬೇಕಂತೆ ಎಂದು ತಮ್ಮ ಕಳೆದ ವಾರ ಹೇಳಿದ. ರೌಟರಿನಲ್ಲಿ ಪೋರ್ಟು ಖಾಲಿಯಿಲ್ಲ, ಇನ್ನೊಂದು ತರೋಣವೇ ಎಂದೂ ಕೇಳಿದ. ಬೇಡ ಎಂದೆ. ಗೋದಾಮಿನ ಸ್ವಿಚ್ಚಿಗೆ ವೀಲ್ಯಾನ್ ಗೊತ್ತಿದೆ. ಮೂರನೆಯ ಪೋರ್ಟಿನ ಮೇಲೆ 40 ಎಂಬ ಉಪ ಇಂಟರ್‌ಫೇಸ್ ಒಂದನ್ನು ಕಟ್ಟಿದರೆ ಬಾಡಿಗೆದಾರರ ಜಾಲ ಅದೇ ಫೈಬರಿನಲ್ಲಿ ಬೇರೆಯಾಗಿ ಬರುತ್ತದೆ. ಅವರು ಲೂಪ್ ಮಾಡಿದರೆ ಕ್ಯಾಮೆರಾಗಳೂ ಅದೇ ಸ್ವಿಚ್ಚಿನಲ್ಲಿ ತತ್ತರಿಸುತ್ತವಲ್ಲ ಎಂದು ಅವನು ಕೇಳಿದ. ಹೌದು. ಅದಕ್ಕೆ ಅವರ ಕೋಣೆಗೆ ಹೋಗುವ ಪೋರ್ಟಿನಲ್ಲಿ ಬ್ರಾಡ್‌ಕಾಸ್ಟಿಗೆ ಮಿತಿ ಹಾಕುವ ಸೌಲಭ್ಯ ಆ ಸ್ವಿಚ್ಚಿನಲ್ಲಿ ಇದೆಯೇ ಎಂದು ಈ ಭಾನುವಾರ ಕೆಳಗಿಳಿದು ನೋಡಬೇಕು.